ಟೋಕನ್ ಕೊಡುವ ಮುಂಚಿನ ಮೂರು ವಾರ

"ಸಂಜೆ ಇನ್ನೊಂದು ಪಾರ್ಟಿ ನೋಡೋಕೆ ಬರ್ತಿದೆ ಸರ್. ನಿಮಗೆ ಇಷ್ಟ ಆಗಿದ್ರೆ ಸುಮ್ನೆ ಒಂದು ಲಕ್ಷ ಟೋಕನ್ ಹಾಕಿಬಿಡಿ. ಪೇಪರ್ಸ್ ಎಲ್ಲ ಕ್ಲಿಯರ್ ಇದೆ."

ಬೆಂಗಳೂರಲ್ಲಿ ಮನೆ ಹುಡುಕಿದವರಿಗೆಲ್ಲ ಈ ಮಾತು ಪರಿಚಯ. ಕೆಲವು ವರ್ಷಗಳ ಹಿಂದೆ ನನಗೂ ಒಬ್ಬ ಬ್ರೋಕರ್ ಇದನ್ನೇ ಹೇಳಿದರು. ಮನೆ ಚೆನ್ನಾಗಿತ್ತು. 20-30 ಸೈಟಿನಲ್ಲಿ ಕಟ್ಟಿದ ಪುಟ್ಟ ಮನೆ. ಗೇಟಿನ ಪಕ್ಕ ಒಂದು ಕರಿಬೇವಿನ ಗಿಡ, ಮಹಡಿ ಮೇಲೆ ಬಟ್ಟೆ ಒಣಗಿಸಲು ಬಿಸಿಲು ಬೀಳುವ ಜಾಗ. ನನ್ನ ಹೆಂಡತಿ ಆಗಲೇ ಅಡುಗೆಮನೆಯಲ್ಲಿ ನಿಂತು ಮಿಕ್ಸಿ ಎಲ್ಲಿ ಇಡೋದು ಅಂತ ನೋಡುತ್ತಿದ್ದಳು. ನಾನು ಅಲ್ಲೇ ನಿಂತು ಫೋನಿನಿಂದ 1 ಲಕ್ಷ ಕಳಿಸಿದೆ.

ಕಾಗದಗಳು ಕೈಗೆ ಬಂದದ್ದು ಆಮೇಲೆ. ಜೆರಾಕ್ಸ್ ಕಟ್ಟನ್ನು ಒಬ್ಬ ಹಿರಿಯ ವಕೀಲರ ಬಳಿ ತೆಗೆದುಕೊಂಡು ಹೋದೆ. ಅವರು ಪೆನ್ಸಿಲ್ ಹಿಡಿದು ಒಂದೊಂದೇ ಹಾಳೆ ತಿರುವಿದರು. 2009ರ ಒಂದು ವಿಭಾಗಪತ್ರದ ಹತ್ತಿರ ನಿಂತುಬಿಟ್ಟರು. ಪಿತ್ರಾರ್ಜಿತ ಜಮೀನು. ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿದ್ದರು. "ಇವರಿಗೆ ಅಕ್ಕತಂಗಿಯರು ಇಲ್ವಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ವಂಶವೃಕ್ಷ ತರಿಸಿ ನೋಡಿದರೆ ಇಬ್ಬರು ಹೆಣ್ಣುಮಕ್ಕಳಿದ್ದರು. ಇಬ್ಬರ ಸಹಿಯೂ ಪತ್ರದಲ್ಲಿ ಇರಲಿಲ್ಲ.

2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಗಟ್ಟಿ ಮಾಡಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಹೇಳಿತು. ಅಂದರೆ ಆ ಇಬ್ಬರಲ್ಲಿ ಯಾರಾದರೂ ಒಬ್ಬರು ನಾಳೆ ಕೋರ್ಟಿಗೆ ಹೋದರೆ ನಮ್ಮ ಕರಿಬೇವಿನ ಗಿಡವೂ ವ್ಯಾಜ್ಯದ ಪಾಲು. ನಾವು ಹಿಂದೆ ಸರಿದೆವು. 1 ಲಕ್ಷದಲ್ಲಿ 40 ಸಾವಿರ ವಾಪಸ್ ಬಂತು, ಅದೂ ನಾಲ್ಕು ತಿಂಗಳು ಅಲೆದ ಮೇಲೆ. ಉಳಿದದ್ದು ಹೋಯಿತು.

ನನ್ನ ತಪ್ಪು ಆ ಮನೆಯನ್ನು ಇಷ್ಟಪಟ್ಟದ್ದಲ್ಲ. ಹಣ ಮೊದಲು ಹೋಯಿತು, ಕಾಗದ ಆಮೇಲೆ ಬಂತು. ಮೊದಲ ಸಲ ಮನೆ ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲೇ. ಟೋಕನ್ ಕೊಡುವ ತನಕ ಎಲ್ಲರೂ ನಿಮ್ಮ ಮಾತು ಕೇಳುತ್ತಾರೆ. ಕೊಟ್ಟ ಮೇಲೆ ನೀವು ಎಲ್ಲರ ಮಾತು ಕೇಳಬೇಕು. ಹಾಗಾಗಿ ಮನೆ ಒಪ್ಪಿಗೆಯಾದ ದಿನದಿಂದ ಟೋಕನ್ ಕೊಡುವ ದಿನದವರೆಗೆ ಮೂರು ವಾರ ಇಟ್ಟುಕೊಳ್ಳಿ. ಅಷ್ಟು ಕಾಯಲು ಒಪ್ಪದ ಮಾರಾಟಗಾರನ ಮನೆ ಕೈತಪ್ಪಿದರೆ ತಪ್ಪಲಿ.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ಬಿಡಿಸಿಬಿಡಬೇಕು. "ಬ್ಯಾಂಕ್ ಲೋನ್ ಕೊಡ್ತಿದೆ ಅಂದ್ರೆ ಎಲ್ಲ ಸರಿ ಇದೆ ಅಂತಾನೇ ಅಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಬ್ಯಾಂಕಿನ ವಕೀಲರು ಕಾಗದ ನೋಡುವುದು ಬ್ಯಾಂಕಿನ ಹಣಕ್ಕಾಗಿ. ಆಸ್ತಿಯಲ್ಲಿ ತೊಡಕು ಬಂದರೂ ಕಂತು ಕಟ್ಟುವ ಹೊಣೆ ನಿಮ್ಮ ಮೇಲೇ ಇರುತ್ತದೆ. ನೀವು ಕೈಯಿಂದ ಹಾಕಿದ 20 ಲಕ್ಷವನ್ನು ಕಾಯುವುದು ಅವರ ಕೆಲಸ ಅಲ್ಲ. ನಿಮ್ಮ ಪರವಾಗಿ ನೋಡುವ ಒಬ್ಬ ವಕೀಲರು ಬೇರೆಯೇ ಬೇಕು. ಬಿಲ್ಡರ್ ಅಥವಾ ಬ್ರೋಕರ್ ತೋರಿಸಿದವರು ಬೇಡ.

ಮೊದಲ ವಾರ: ಹಣದ ಲೆಕ್ಕ

80 ಲಕ್ಷದ ಒಂದು ಫ್ಲ್ಯಾಟ್ ಅಂತ ಇಟ್ಟುಕೊಳ್ಳೋಣ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲವಾದರೆ ಮನೆ ಬೆಲೆಯ ಶೇ 80ರವರೆಗೆ ಮಾತ್ರ ಕೊಡಬಹುದು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. 30 ಲಕ್ಷದೊಳಗಿನ ಸಾಲಕ್ಕೆ ಶೇ 90, 75 ಲಕ್ಷ ಮೀರಿದರೆ ಶೇ 75. ನಮ್ಮ ಉದಾಹರಣೆಯಲ್ಲಿ 64 ಲಕ್ಷ ಸಾಲ, 16 ಲಕ್ಷ ಕೈಯಿಂದ.

ಬಹಳ ಜನ 16 ಲಕ್ಷ ಕೂಡಿಸಿ "ರೆಡಿ ಆಯ್ತು" ಅಂದುಕೊಳ್ಳುತ್ತಾರೆ. ನೋಂದಣಿಯ ಖರ್ಚು ಈ ಲೆಕ್ಕದ ಹೊರಗೆ ಇರುತ್ತದೆ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು. 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. ಅಂದರೆ 80 ಲಕ್ಷಕ್ಕೆ 6.08 ಲಕ್ಷ. ಹಳೇ ಲೆಕ್ಕ ಹೇಳುವ ಸ್ನೇಹಿತರ ಮಾತು ನಂಬಿ ಹೋದರೆ ಕೊನೇ ದಿನ 80 ಸಾವಿರ ಕಡಿಮೆ ಬೀಳುತ್ತದೆ. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಶೇ 5 ಜಿಎಸ್‌ಟಿ, ಇನ್ನೂ 4 ಲಕ್ಷ. ಕಟ್ಟಡಕ್ಕೆ ಒಸಿ (ಮುಗಿದ ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಪತ್ರ) ಬಂದ ಮೇಲೆ ಕೊಂಡರೆ, ಅಥವಾ ಹಳೇ ಮನೆ ಕೊಂಡರೆ ಜಿಎಸ್‌ಟಿ ಇಲ್ಲ. ಇದರ ಮೇಲೆ ಕಾರ್ ಪಾರ್ಕಿಂಗ್, ನಿರ್ವಹಣೆಯ ಠೇವಣಿ, ಕರೆಂಟು-ನೀರಿನ ಸಂಪರ್ಕದ ಹಣ ಅಂತ ಬಿಲ್ಡರ್ ಕೊಡುವ ಪಟ್ಟಿ ಬೇರೆ. ಕಿಟಕಿಗೆ ಪರದೆ, ಅಡುಗೆಮನೆ ಕಪಾಟು ಇನ್ನೂ ಬಂದೇ ಇಲ್ಲ. 16 ಲಕ್ಷ ಅಂತ ಹೊರಟವರಿಗೆ 26 ಲಕ್ಷ ದಾಟುವುದು ಹೀಗೆ. ಆ ಅಂತರ ತುಂಬಲು ಜನ ಪರ್ಸನಲ್ ಲೋನ್ ತೆಗೆಯುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಮೊದಲ ಎರಡು ವರ್ಷ ಉಸಿರು ಕಟ್ಟುವುದು ಆ ಚಿಕ್ಕ ಸಾಲದಿಂದಲೇ.

ಈಗ ಕಂತು. 64 ಲಕ್ಷ, ಶೇ 8 ಬಡ್ಡಿ, 20 ವರ್ಷ. ತಿಂಗಳಿಗೆ ಸುಮಾರು 53,530 ರೂಪಾಯಿ. ಮೊದಲ ತಿಂಗಳ ಕಂತನ್ನು ಬಿಡಿಸಿ ನೋಡಿ. ಅದರಲ್ಲಿ 42,667 ಬಡ್ಡಿಗೆ ಹೋಗುತ್ತದೆ. ಅಸಲಿಗೆ ಸೇರುವುದು 11 ಸಾವಿರಕ್ಕೂ ಕಡಿಮೆ. 20 ವರ್ಷ ಮುಗಿಯುವಾಗ ನೀವು ಕಟ್ಟಿರುವುದು ಸುಮಾರು 1.28 ಕೋಟಿ. ತೆಗೆದ ಸಾಲದಷ್ಟೇ ಬಡ್ಡಿ. ಬಡ್ಡಿ ದರ ಶೇ 1 ಏರಿದರೆ ಕಂತು ತಿಂಗಳಿಗೆ 4 ಸಾವಿರ ಜಾಸ್ತಿ. 2025ರಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ 6.5ರಿಂದ 5.25ಕ್ಕೆ ಇಳಿಯಿತು, ಸಾಲ ಅಗ್ಗವಾಯಿತು. ಆದರೆ 20 ವರ್ಷದಲ್ಲಿ ದರ ಏರುವ ಕಾಲವೂ ಬಂದೇ ಬರುತ್ತದೆ. ಇಳಿದ ದರ ನೋಡಿ ದೊಡ್ಡ ಮನೆಗೆ ಕೈ ಹಾಕಬೇಡಿ.

ಗಂಡ-ಹೆಂಡತಿ ಇಬ್ಬರ ಸಂಬಳ ಸೇರಿಸಿ ಬ್ಯಾಂಕ್ ಎಷ್ಟು ಕೊಡುತ್ತೇನೆ ಅಂದಿತೋ ಅಷ್ಟನ್ನೂ ತೆಗೆಯುವ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಒಂದು ಸಂಬಳ ಆರು ತಿಂಗಳು ನಿಂತರೆ ಏನಾಗುತ್ತದೆ? ಮಗು ಹುಟ್ಟಬಹುದು, ಕಂಪನಿ ಜನರನ್ನು ತೆಗೆಯಬಹುದು, ಊರಲ್ಲಿ ಅಪ್ಪನಿಗೆ ಆಪರೇಷನ್ ಆಗಬಹುದು. ಒಂದು ಸಂಬಳದಲ್ಲಿ ಕಂತು, ಅಕ್ಕಿ-ಬೇಳೆ ಎರಡೂ ನಡೆಯುವಷ್ಟು ಸಾಲ ಇರಲಿ. ಆಗದಿದ್ದರೆ ಆರು ತಿಂಗಳ ಕಂತಿನ ಹಣ ಬೇರೆ ತೆಗೆದಿಟ್ಟು ಆಮೇಲೆ ಮುಂದುವರಿಯಿರಿ. ಫ್ಲೋಟಿಂಗ್ ದರದ, ಅಂದರೆ ಬಡ್ಡಿ ಏರಿಳಿಯುವ ಮನೆ ಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಇಲ್ಲ. ಬೋನಸ್ ಬಂದಾಗ ಅಸಲಿಗೆ ಕಟ್ಟಿ. ಮೊದಲ ವರ್ಷಗಳಲ್ಲಿ ಕಟ್ಟಿದ ಒಂದೊಂದು ಸಾವಿರವೂ ಕೊನೆಯ ವರ್ಷಗಳ ಕಂತಿನಲ್ಲಿ ಹಲವು ಸಾವಿರ ಉಳಿಸುತ್ತದೆ.

ಬ್ಯಾಂಕಾ, ಹೌಸಿಂಗ್ ಫೈನಾನ್ಸ್ ಕಂಪನಿಯಾ ಅನ್ನೋದೂ ಮುಖ್ಯ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಸಾಲವನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು. ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟುಪಾಡು ಇಲ್ಲ. ದರ ಇಳಿದದ್ದು ನಿಮ್ಮ ಖಾತೆಗೆ ಬೇಗ ಬರುವುದು ಬ್ಯಾಂಕಿನಲ್ಲೇ. ತೆರಿಗೆ ಉಳಿಯುತ್ತದೆ ಅನ್ನುವ ಕಾರಣಕ್ಕೆ ಸಾಲ ಮಾಡುವವರಿಗೆ ಒಂದು ಮಾತು. ಹೊಸ ತೆರಿಗೆ ಪದ್ಧತಿಯಲ್ಲಿ ನೀವೇ ವಾಸ ಮಾಡುವ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. 35 ಲಕ್ಷದೊಳಗಿನ ಮನೆ, ವರ್ಷಕ್ಕೆ 9 ಲಕ್ಷದೊಳಗಿನ ಆದಾಯ, ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇಲ್ಲದ ಕುಟುಂಬ ಆಗಿದ್ದರೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ 1.8 ಲಕ್ಷದವರೆಗೆ ಬಡ್ಡಿ ಸಹಾಯ ಇದೆ. ತುಮಕೂರು, ಹಾಸನ, ದಾವಣಗೆರೆ ಕಡೆ ಮನೆ ನೋಡುವವರು ಇದನ್ನು ಬ್ಯಾಂಕಿನಲ್ಲಿ ಕೇಳಲೇಬೇಕು.

ಎರಡನೇ ವಾರ: ಒಂದೊಂದು ಕಾಗದವೂ ಒಂದೇ ಪ್ರಶ್ನೆಗೆ ಉತ್ತರ

ನಮ್ಮ ವ್ಯವಸ್ಥೆಯ ದೊಡ್ಡ ತೊಡಕು ಇದು. "ಈ ಮನೆ ಖಂಡಿತ ಇವರದ್ದೇ" ಅಂತ ಮುದ್ರೆ ಒತ್ತಿ ಕೊಡುವ ಕಚೇರಿ ಯಾವುದೂ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದು ಪತ್ರ. ಮಾರುವವರಿಗೆ ನಿಜವಾಗಿ ಹಕ್ಕಿದೆಯೇ ಅಂತ ತೀರ್ಮಾನ ಕೊಡುವುದು ಆ ಕಚೇರಿಯ ಕೆಲಸ ಅಲ್ಲ. ಖಾತಾ ಅಂದರೆ ತೆರಿಗೆಯ ದಾಖಲೆ. ಇಸಿ ಅಂದರೆ ನೋಂದಣಿ ಆದ ವ್ಯವಹಾರಗಳ ಪಟ್ಟಿ. ಇವನ್ನೆಲ್ಲ ಜೋಡಿಸಿ, ನಡುವಿನ ಬಿರುಕು ಎಲ್ಲಿದೆ ಅಂತ ಹುಡುಕುವ ಭಾರ ಕೊಳ್ಳುವವರ ಮೇಲೇ ಬೀಳುತ್ತದೆ.

ಖಾತಾ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ಬೆಂಗಳೂರಲ್ಲಿ ಜನ ಅತಿ ಜಾಸ್ತಿ ಮೋಸ ಹೋಗುವುದು ಇದರಲ್ಲೇ. ನಕ್ಷೆ ಮಂಜೂರಾತಿ, ಭೂ ಪರಿವರ್ತನೆ (ಕೃಷಿ ಜಮೀನಿನಲ್ಲಿ ಮನೆ ಕಟ್ಟಲು ಬೇಕಾದ ಅನುಮತಿ) ಸರಿಯಾಗಿರುವ ಆಸ್ತಿ ಎ ರಿಜಿಸ್ಟರಿನಲ್ಲಿ ಇರುತ್ತದೆ. ಅವು ಇಲ್ಲದಿದ್ದರೂ ತೆರಿಗೆ ವಸೂಲಿಗಾಗಿ ಬಿ ರಿಜಿಸ್ಟರಿನಲ್ಲಿ ಬರೆದುಕೊಂಡದ್ದು ಬಿ ಖಾತಾ. ಬಿ ಖಾತಾ ಮನೆ ಮಾರುವವರು "ಟ್ಯಾಕ್ಸ್ ಕಟ್ತಾ ಇದೀವಿ, ಕರೆಂಟ್ ಇದೆ, ಇನ್ನೇನು ಬೇಕು" ಅನ್ನುತ್ತಾರೆ. ಬೇಕಾದದ್ದು ಬಹಳ ಇದೆ. ಎಷ್ಟೋ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕುತ್ತವೆ, ನಕ್ಷೆ ಮಂಜೂರಾತಿ ಸಿಗದೆ ಪರದಾಡಬೇಕಾಗುತ್ತದೆ, ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಬಿ ಖಾತಾ ನಿವೇಶನಗಳನ್ನು ಎ ಖಾತಾ ಮಾಡಿಸಿಕೊಳ್ಳಲು ದಾರಿ ಮಾಡಿತು. ಆಗ ಹೇಳಿದ ಶುಲ್ಕ ಮಾರ್ಗಸೂಚಿ ಬೆಲೆಯ, ಅಂದರೆ ಸರ್ಕಾರ ಗೊತ್ತು ಮಾಡಿದ ಬೆಲೆಯ ಶೇ 5. ಇದನ್ನೇ ಹಿಡಿದು "ಹೇಗೂ ಎ ಖಾತಾ ಆಗುತ್ತೆ" ಅಂತ ಮಾರುವವರು ಈಗ ಜಾಸ್ತಿ. ಆಗುತ್ತೆ ಅಂದರೆ ಅವರೇ ಮಾಡಿಸಿಕೊಡಲಿ, ಆಮೇಲೆ ಕೊಳ್ಳೋಣ ಅನ್ನಿ. ಆ ಶುಲ್ಕವೂ ಆ ಓಡಾಟವೂ ನಿಮ್ಮ ತಲೆಗೆ ಯಾಕೆ?

2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯ ಆಗಿದೆ. ಇದು ಒಳ್ಳೆಯ ಬದಲಾವಣೆ. ಮಾಲೀಕರ ಫೋಟೊ, ಆಸ್ತಿ ಇರುವ ಜಾಗ ಎಲ್ಲ ಅದರಲ್ಲಿ ಬರುತ್ತದೆ. ಒಂದೇ ಸೈಟನ್ನು ಇಬ್ಬರಿಗೆ ಮಾರುವುದು ಇದರಿಂದ ಕಷ್ಟವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ನೀವು ನೋಡುತ್ತಿರುವ ಮನೆ ಯಾವ ಪಾಲಿಕೆಗೆ ಬರುತ್ತದೆ ಅಂತ ಮೊದಲೇ ತಿಳಿದುಕೊಂಡರೆ ಓಡಾಟ ಉಳಿಯುತ್ತದೆ. ಪಾಲಿಕೆಯ ಹೊರಗೆ, ಪಂಚಾಯಿತಿ ವ್ಯಾಪ್ತಿಯಲ್ಲಿ ಆದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ನಮೂನೆ 11ಬಿ ಕೈಗೆ ಕೊಟ್ಟರೆ ಅಲ್ಲೇ ನಿಲ್ಲಿ. ಅದು ಪಂಚಾಯಿತಿ ಕಡೆಯ ಬಿ ಖಾತಾ ಇದ್ದಂತೆ.

ಇಸಿಯನ್ನು ಕನಿಷ್ಠ 30 ವರ್ಷಕ್ಕೆ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಬಹಳ ಮಂದಿ ಆನ್‌ಲೈನಿನಲ್ಲಿ ಸಿಕ್ಕಷ್ಟಕ್ಕೇ ನಿಲ್ಲಿಸುತ್ತಾರೆ. ನನ್ನ ಮೊದಲ ಮನೆಯ ಬ್ರೋಕರ್ ಕೊಟ್ಟದ್ದು 10 ವರ್ಷದ ಇಸಿ. ಜಮೀನು ಆ ಕುಟುಂಬಕ್ಕೆ ಹೇಗೆ ಬಂತು ಅನ್ನೋದು ಅದರಲ್ಲಿ ಇರಲೇ ಇಲ್ಲ. ಪೂರ್ತಿ ಇಸಿ ಸಿಕ್ಕರೂ ಅದು ಎಲ್ಲವನ್ನೂ ಹೇಳುವುದಿಲ್ಲ. ನೋಂದಣಿ ಆಗದ ಕರಾರು, ಕೋರ್ಟಿನಲ್ಲಿರುವ ಕೇಸು, ಮೂಲಪತ್ರ ಅಡ ಇಟ್ಟು ತೆಗೆದ ನೋಂದಾಯಿಸದ ಸಾಲ ಅದರಲ್ಲಿ ಕಾಣದೇ ಇರಬಹುದು. ಹಾಗಾಗಿ ಮೂಲಪತ್ರಗಳನ್ನು ಕಣ್ಣಾರೆ ನೋಡಿ. ಕಲರ್ ಜೆರಾಕ್ಸ್ ಸಾಲದು. "ಮೂಲಪತ್ರ ಊರಲ್ಲಿದೆ", "ಅಣ್ಣನ ಹತ್ರ ಇದೆ" ಅಂದರೆ ತರಿಸಿ ಅನ್ನಿ. ಮಾರುವವರ ಹೆಸರನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ಹುಡುಕಿ. ಆಸ್ತಿ ಮೇಲೆ ಬ್ಯಾಂಕಿನ ಸಾಲ ಇದೆಯೇ ಅಂತ ಸರ್ಸಾಯಿ ಅನ್ನುವ ಕೇಂದ್ರ ನೋಂದಣಿಯಲ್ಲಿ ಸಣ್ಣ ಶುಲ್ಕ ಕಟ್ಟಿ ನೋಡಬಹುದು.

ಜಮೀನಿನ ಹಿಂದಿನ ಕಥೆಯಲ್ಲಿ ಎರಡು ವಿಷಯಕ್ಕೆ ವಿಶೇಷ ಗಮನ ಬೇಕು. ಒಂದು, ಅದು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾ ಅನ್ನೋದು. ಪಿಟಿಸಿಎಲ್ ಅಂತ ಎಲ್ಲರೂ ಕರೆಯುವ 1978ರ ಕಾಯ್ದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು. ಬಡವರ ನೆಲ ಕೈತಪ್ಪದಿರಲಿ ಅಂತ ಮಾಡಿದ ಕಾಯ್ದೆ ಅದು. 2023ರ ತಿದ್ದುಪಡಿ ಆದ ಮೇಲೆ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಹಳೇ ಪಹಣಿ ಮತ್ತು ಮಂಜೂರಾತಿ ದಾಖಲೆಯಲ್ಲಿ ಇದು ಗೊತ್ತಾಗುತ್ತದೆ. ಎರಡು, ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮೇಲೆ ನಡೆದ ಮಾರಾಟ. ಬರೀ ಜಿಪಿಎ ಮತ್ತು ಕರಾರಿನಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಪರಿವರ್ತನೆ ಆಗದ ಕೃಷಿ ಜಮೀನಿನಲ್ಲಿ ಮಾಡಿದ ರೆವಿನ್ಯೂ ಸೈಟುಗಳಲ್ಲಿ ಇಂಥ ಪತ್ರಗಳ ಸರಪಳಿ ಇನ್ನೂ ಕಾಣುತ್ತದೆ. ಕಡಿಮೆ ಬೆಲೆ ನೋಡಿ ಮನಸ್ಸು ಕರಗುವುದು ಸಹಜ. ಆ ಬೆಲೆ ಕಡಿಮೆ ಇರುವುದಕ್ಕೆ ಇದೇ ಕಾರಣ.

ಫ್ಲ್ಯಾಟ್ ಆದರೆ

ಹೊಸ ಪ್ರಾಜೆಕ್ಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳುವುದನ್ನು ಜನ ಕಲಿತಿದ್ದಾರೆ. ಆ ನಂಬರ್ ಹಾಕಿ ಕರ್ನಾಟಕ ರೇರಾ ಜಾಲತಾಣವನ್ನು ಅರ್ಧ ಗಂಟೆ ಓದುವವರು ಕಡಿಮೆ. ಮಂಜೂರಾದ ನಕ್ಷೆ, ಮುಗಿಸುವುದಾಗಿ ಹೇಳಿದ ದಿನಾಂಕ, ಅದನ್ನು ಎಷ್ಟು ಸಲ ಮುಂದೂಡಿದ್ದಾರೆ, ಅದೇ ಬಿಲ್ಡರಿನ ಹಳೇ ಪ್ರಾಜೆಕ್ಟಿನ ಮೇಲಿನ ದೂರುಗಳು ಎಲ್ಲ ಅಲ್ಲೇ ಇರುತ್ತವೆ. ನೋಂದಣಿಗೆ ಮೊದಲೇ "ಪ್ರೀ-ಲಾಂಚ್ ರೇಟ್" ಅಂತ ಹಣ ಕೇಳಿದರೆ ಅದು ಕಾನೂನಿಗೆ ವಿರುದ್ಧ. ಕರಾರು ನೋಂದಣಿ ಆಗುವ ತನಕ ಬೆಲೆಯ ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಮನೆ ಕೈಗೆ ಬಂದ ಮೇಲೆ ಐದು ವರ್ಷದೊಳಗೆ ಗೋಡೆ ಬಿರುಕು ಬಿಟ್ಟರೆ, ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಇಷ್ಟೆಲ್ಲ ಹಕ್ಕು ಕೊಟ್ಟ ಕಾಯ್ದೆಯ ದುರ್ಬಲ ಜಾಗವೂ ಗೊತ್ತಿರಲಿ. ರೇರಾ ನಿಮ್ಮ ಪರ ಆದೇಶ ಕೊಟ್ಟರೂ ಹಣ ವಸೂಲಿ ಕಂದಾಯ ಅಧಿಕಾರಿಗಳ ಮೂಲಕ ಆಗಬೇಕು. ಅದು ತೆವಳುತ್ತದೆ. ಗೆದ್ದೂ ಹಣಕ್ಕಾಗಿ ವರ್ಷಗಟ್ಟಲೆ ಕಾಯುವ ಕುಟುಂಬಗಳಿವೆ.

500 ಚದರ ಮೀಟರ್ ಮೀರದ ಜಾಗ ಅಥವಾ 8 ಮೀರದ ಫ್ಲ್ಯಾಟ್ ಇದ್ದರೆ ರೇರಾ ನೋಂದಣಿ ಕಡ್ಡಾಯ ಅಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ 40-60 ಸೈಟಿನ ಮೇಲೆ ಏಳುವ ಸಣ್ಣ ಅಪಾರ್ಟ್‌ಮೆಂಟುಗಳು ಹೀಗೆ ಹೊರಗೇ ಉಳಿಯುತ್ತವೆ. ಮೊದಲ ಮನೆಯವರ ಬಜೆಟ್ಟಿಗೆ ಸಿಗುವುದೂ ಇವೇ. ಇಲ್ಲಿ ಒಂದು ಕೆಲಸ ಮಾಡಿ. ಮಂಜೂರಾದ ನಕ್ಷೆ ಕೈಯಲ್ಲಿ ಹಿಡಿದು ರಸ್ತೆಯ ಆಚೆ ಬದಿ ನಿಂತು ಮಹಡಿ ಎಣಿಸಿ. ನಕ್ಷೆಯಲ್ಲಿ ಮೂರು, ಕಣ್ಣೆದುರು ಐದು ಇದ್ದರೆ ನಾಲ್ಕನೇ ಮಹಡಿಯ ಫ್ಲ್ಯಾಟಿಗೆ ನೆಲೆಯೇ ಇಲ್ಲ. "ಅಕ್ರಮ-ಸಕ್ರಮದಲ್ಲಿ ಸರಿ ಹೋಗುತ್ತೆ" ಅನ್ನುವವರಿಗೆ ಆ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದನ್ನು ನೆನಪಿಸಿ.

ಒಸಿ, ಅಂದರೆ ಸ್ವಾಧೀನಾನುಭವ ಪತ್ರ, ಮೊದಲು "ಇದ್ದರೆ ಒಳ್ಳೇದು" ಅನ್ನುವ ಕಾಗದ ಆಗಿತ್ತು. ಈಗ ಹಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಒಸಿ ನೋಡಿಯೇ ಕರೆಂಟು, ನೀರು, ಬ್ಯಾಂಕ್ ಸಾಲ ಕೊಡಬೇಕು ಅಂತ ಹೇಳಿತು. 2025ರಲ್ಲಿ ನಮ್ಮಲ್ಲಿ ಒಸಿ ಇಲ್ಲದ ಹೊಸ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ನಿಂತಿತು. ಮನೆ ಕಟ್ಟಿ ಮುಗಿಸಿ, ಮೀಟರ್ ಇಲ್ಲದೆ ಕುಳಿತವರ ಗೋಳು ಎಲ್ಲರೂ ನೋಡಿದರು. ಕೊನೆಗೆ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಟ್ಟಿತು. ಅಪಾರ್ಟ್‌ಮೆಂಟುಗಳಿಗೆ ಒಸಿ ಬೇಕೇ ಬೇಕು. ಇಲ್ಲೊಂದು ಮಾತಿನ ಬಲೆ ಇದೆ. "ಸಿಸಿ ಬಂದಿದೆ ಸರ್" ಅಂತ ಸೇಲ್ಸ್‌ನವರು ಹೇಳುತ್ತಾರೆ. ಸಿಸಿ ಅಂದರೆ ಕಟ್ಟಡ ಪೂರ್ಣವಾದ ಪತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅವರು ತೋರಿಸುವುದು ಕೆಲಸ ಶುರು ಮಾಡಲು ಕೊಟ್ಟ ಪ್ರಾರಂಭ ಪತ್ರ. ಕಾಗದ ಕೈಗೆ ತೆಗೆದುಕೊಂಡು ಶೀರ್ಷಿಕೆ ಓದಿ.

ಅಳತೆಯನ್ನು ಕಾರ್ಪೆಟ್ ಏರಿಯಾದಲ್ಲೇ ಮಾತಾಡಿ. ಗೋಡೆ, ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿಸಿ 1,200 ಚದರ ಅಡಿ ಸೂಪರ್ ಬಿಲ್ಟ್-ಅಪ್ ಅಂದದ್ದರಲ್ಲಿ ನೀವು ಚಾಪೆ ಹಾಸಬಹುದಾದ ಜಾಗ 850 ಅಡಿ ಇರಬಹುದು. ಎರಡು ಫ್ಲ್ಯಾಟ್ ಹೋಲಿಸುವಾಗ ಒಟ್ಟು ಬೆಲೆಯನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ. ಅಗ್ಗ ಅಂದುಕೊಂಡದ್ದೇ ದುಬಾರಿ ಅಂತ ಎಷ್ಟೋ ಸಲ ಗೊತ್ತಾಗುತ್ತದೆ. ಕ್ರಯಪತ್ರದಲ್ಲಿ ನಿಮಗೆ ಬರುವ ಅವಿಭಾಜ್ಯ ಜಮೀನಿನ ಪಾಲು ಎಷ್ಟು ಅಂತಲೂ ನೋಡಿ. ಕಟ್ಟಡ ಹಳೆಯದಾಗುತ್ತದೆ, ಉಳಿಯುವುದು ಆ ನೆಲವೇ.

ಮೂರನೇ ವಾರ: ನೀರು, ಮಳೆ, ಕಾವಲುಗಾರ

ಕಾಗದ ಸರಿ ಇದ್ದ ಮೇಲೆ ಮತ್ತೆ ಮನೆಗೆ ಹೋಗಿ. ಈ ಸಲ ಬ್ರೋಕರ್ ಇಲ್ಲದೆ. ಒಂದು ಸಲ ವಾರದ ದಿನ ಬೆಳಿಗ್ಗೆ 9 ಗಂಟೆಗೆ, ಒಂದು ಸಲ ರಾತ್ರಿ, ಆಗುವುದಾದರೆ ಒಂದು ಸಲ ಜೋರು ಮಳೆ ಬಂದ ಮಾರನೇ ದಿನ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೋಟಿ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ದೋಣಿಯೇ ಬೇಕಾಯಿತು. ದಿಶಾಂಕ್ ಅನ್ನುವ ಸರ್ಕಾರಿ ಆ್ಯಪ್ ಇದೆ, ಉಚಿತ. ಮನೆ ಮುಂದೆ ನಿಂತು ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರ್ ಕೆರೆಯದ್ದಾ, ರಾಜಕಾಲುವೆ ಹತ್ತಿರದ್ದಾ, ಸರ್ಕಾರದ್ದೇ ಆದ ಖರಾಬು ನೆಲವಾ ಅಂತ ನೋಡಿ. ಐದು ನಿಮಿಷದ ಕೆಲಸ.

ನೀರಿನ ಬಗ್ಗೆ ಮಾರುವವರನ್ನು ಕೇಳಿ ಪ್ರಯೋಜನ ಇಲ್ಲ. ಕಾವಲುಗಾರರನ್ನು ಕೇಳಿ. ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ, ಏಪ್ರಿಲ್‌ನಲ್ಲಿ ಎಷ್ಟು ಬರುತ್ತೆ ಅಂತ ಅವರಿಗೆ ಗೊತ್ತಿರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ನಗರದ ಹೊರವಲಯ ಟ್ಯಾಂಕರಿಗಾಗಿ ಸಾಲು ನಿಂತಿತ್ತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಕುಡಿಯುವ ನೀರಿನ ಐದನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು, ಪಾಲಿಕೆಗೆ ಹಿಂದೆ ಸೇರಿಸಿದ 110 ಹಳ್ಳಿಗಳಿಗೆ ಅಂತ ಮಾಡಿದ ಯೋಜನೆ. ರಸ್ತೆಯಲ್ಲಿ ಪೈಪ್ ಇದ್ದ ಮಾತ್ರಕ್ಕೆ ನಿಮ್ಮ ಕಟ್ಟಡಕ್ಕೆ ಸಂಪರ್ಕ ಇದೆ ಅಂತ ಅಲ್ಲ. ಜಲಮಂಡಳಿಯ ಇತ್ತೀಚಿನ ಬಿಲ್ ತೋರಿಸಿ ಅನ್ನಿ. ಅಪಾರ್ಟ್‌ಮೆಂಟಿನಲ್ಲಿ ಸಂಘದ ಕಳೆದ ಎರಡು ವರ್ಷದ ಲೆಕ್ಕಪತ್ರ ಕೇಳಿದರೆ ಟ್ಯಾಂಕರ್, ಲಿಫ್ಟ್, ಜನರೇಟರ್ ಖರ್ಚು ಎಲ್ಲ ಗೊತ್ತಾಗುತ್ತದೆ. ತಿಂಗಳ ನಿರ್ವಹಣೆ 5 ಸಾವಿರ ಅಂದರೆ ಅದೂ ಕಂತಿನ ಜೊತೆ ಸೇರುವ ಕಂತೇ.

ಇಷ್ಟಾದ ಮೇಲೆ ಟೋಕನ್. ಅದನ್ನೂ ಬರೀ ಕೈಗೆ ಕೊಡಬೇಡಿ. ಒಂದು ಹಾಳೆಯಲ್ಲಿ ಬರೆಸಿ, ಎರಡೂ ಕಡೆ ಸಹಿ ಹಾಕಿ: ಹಕ್ಕಿನಲ್ಲಿ ತೊಡಕು ಕಂಡರೆ, ಅಥವಾ ಆಸ್ತಿಯ ದೋಷದಿಂದ ಬ್ಯಾಂಕ್ ಸಾಲ ನಿರಾಕರಿಸಿದರೆ, ಪೂರ್ತಿ ಹಣ ಇಷ್ಟು ದಿನದಲ್ಲಿ ವಾಪಸ್. ನನ್ನ 60 ಸಾವಿರ ಹೋದದ್ದು ಈ ಎರಡು ಸಾಲು ಬರೆಸದೇ ಇದ್ದದ್ದಕ್ಕೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ಹಣದಲ್ಲೇ ಶೇ 1 ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ನಿಯಮ ಬೇರೆ, ಹಿಡಿಯಬೇಕಾದ ಮೊತ್ತ ಬಹಳ ಜಾಸ್ತಿ. ಅಂಥ ಮನೆಗೆ ಲೆಕ್ಕಪರಿಶೋಧಕರನ್ನು ಕೇಳದೆ ಒಂದು ರೂಪಾಯಿಯೂ ಕೊಡಬೇಡಿ. ಬ್ಯಾಂಕಿಗೆ ಮೂಲಪತ್ರ ಒಪ್ಪಿಸುವಾಗ ಒಂದೊಂದರ ಹೆಸರು, ದಿನಾಂಕ, ಪುಟ ಬರೆದ ರಸೀದಿ ಪಡೆಯಿರಿ. ಸಾಲ ತೀರಿದ 30 ದಿನದೊಳಗೆ ಅವು ವಾಪಸ್ ಬರಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆ. ರಸೀದಿ ಇಲ್ಲದಿದ್ದರೆ ಏನು ಕೊಟ್ಟಿದ್ದೆ ಅಂತ 20 ವರ್ಷದ ಮೇಲೆ ಯಾರು ಹೇಳುತ್ತಾರೆ?

ನಾವು ಕೊನೆಗೆ ಕೊಂಡದ್ದು ಒಂದು ಹಳೇ ಫ್ಲ್ಯಾಟ್, ಎರಡನೇ ಮಹಡಿ. ಮಾಲೀಕರಾಗಿದ್ದ ಹಿರಿಯರು ಉಯಿಲು ಬರೆಯದೆ ತೀರಿಕೊಂಡಿದ್ದರು. ಮಗ ಒಬ್ಬರೇ ವ್ಯವಹಾರ ಮಾತಾಡಲು ಬಂದರು. ನಮ್ಮ ವಕೀಲರು ಮೊದಲು ಕೇಳಿದ್ದೇ ವಂಶವೃಕ್ಷ. ತಾಯಿ, ಇಬ್ಬರು ಹೆಣ್ಣುಮಕ್ಕಳು. ಎಲ್ಲರೂ ಸಹಿ ಹಾಕಬೇಕು ಅಂದಾಗ ಮಗ ಒಪ್ಪಿದರು, ಆದರೆ ಹಿರಿಯ ಅಕ್ಕ ಹಾಸನದ ಹತ್ತಿರ ಇರುತ್ತಾರೆ, ಬರಲು ಎರಡು ವಾರ ಬೇಕು ಅಂದರು. ನಾವು ಕಾದೆವು.

ನೋಂದಣಿ ದಿನ ಆಕೆ ಮೊದಲ ಬಸ್ಸಿಗೆ ಬಂದಿದ್ದರು. ಕೈಚೀಲದಲ್ಲಿ ಆಧಾರ್ ಕಾರ್ಡು, ಒಂದು ಬಾಟಲಿ ನೀರು, ನಮಗೆ ಅಂತ ಎರಡು ತೆಂಗಿನಕಾಯಿ. ಕ್ಯಾಮೆರಾ ಮುಂದೆ ಕೂತು, ಹೆಬ್ಬೆಟ್ಟು ಒತ್ತಿ ಎದ್ದ ಮೇಲೆ ನನ್ನ ಹೆಂಡತಿಯ ಹತ್ತಿರ ಬಂದು ಹೇಳಿದರು: "ಅಡುಗೆಮನೆ ಕಿಟಕಿ ಚಿಲಕ ಸ್ವಲ್ಪ ಬಿಗಿ ಇದೆ ಕಣಮ್ಮ. ಮೇಲಕ್ಕೆ ಎತ್ತಿ ಎಳೀಬೇಕು."